ಸೀರೆ ಆರದ ಎಲೆತೋಟ

"ಗುರುಗಳೇ, ತಮ್ಮ ಪಾಠವನ್ನು ಒಂದು ದಿನವೂ ತಪ್ಪಿಸಿದವನಲ್ಲ ನಾನು. ಕೇಳಿದ್ದು ಚೆಲ್ಲಿಹೋದೀತೆಂದು ಯಾರೊಡನೆಯೂ ಅದರ ಮಾತೆತ್ತುವುದಿಲ್ಲ. ಆದರೂ ಒಂದೂ ಮನಸ್ಸಿಗೆ ಹತ್ತುತ್ತಿಲ್ಲ. ಇನ್ನೂ ಹೆಚ್ಚು ಹೇಳಿಕೊಡಬಾರದೇ?" ಎಂದು ಶಿಷ್ಯ ಮಲ್ಲಿದೇವ ಕೇಳಿದ.

ಗುರುಗಳು ನಕ್ಕರು. "ಇನ್ನೂ ಬೇಕೇ? ಭಲೇ! ಹಾಗಾದರೆ ಕೂತುಕೋ" ಎಂದು ಕತೆ ತೆಗೆದರು.

ಒಬ್ಬ ರೈತ ವೀಳ್ಯದೆಲೆ ಬೆಳೆಯುತ್ತಿದ್ದ. ಅವನ ಮಗಳಿಗೆ ಗಂಡು ಗೊತ್ತಾಯಿತು. ಅವರ ಕಡೆ ಒಂದು ಪದ್ಧತಿ. ನಿಶ್ಚಿತಾರ್ಥದ ತಟ್ಟೆಗೆ ಸ್ವಂತ ತೋಟದ ಎಲೆಯನ್ನೇ ಇಡಬೇಕು, ಬೀಗರು ಅದನ್ನು ಅಲ್ಲೇ ಮೆಲ್ಲಬೇಕು. ಎಲೆ ಸಪ್ಪೆಯಾದರೆ ಮದುವೆಯೇನೂ ಮುರಿಯುವುದಿಲ್ಲ. ಆದರೆ ಆ ಮಾತು ಹುಡುಗಿಯ ಜೊತೆ ಅತ್ತೆಮನೆಗೆ ಹೋಗುತ್ತದೆ. ಆಯುಷ್ಯವಿಡೀ ಹಂಗಿಸುವುದಕ್ಕೆ ಅಷ್ಟು ಸಾಕಲ್ಲ!

ರೈತನಿಗೆ ಮಗಳೆಂದರೆ ಪ್ರಾಣ. ಗಾಳಿ ತಾಗಬಾರದು, ಯಾರ ಕಣ್ಣೂ ಬೀಳಬಾರದು ಎಂದು ತೋಟದ ಸುತ್ತ ತೆಂಗಿನ ಗರಿಯ ತಟ್ಟಿ ಕಟ್ಟಿದ. ಒಂದು ಸಂದೂ ಬಿಡಲಿಲ್ಲ ಪುಣ್ಯಾತ್ಮ. ಬೆಳಗ್ಗೆ ಸಂಜೆ ನೀರು ಚಿಮುಕಿಸಿದ. ಬುಡಕ್ಕೆ ಕುರಿಗೊಬ್ಬರ, ಅದರ ಮೇಲೆ ಹಿಂಡಿ. ಎಲೆ ಅಂಗೈಯಗಲ ಬಂತು. ಬಾಯಿಗಿಟ್ಟರೆ ಖಾರವಿಲ್ಲ, ಘಮವಿಲ್ಲ, ಹುಲ್ಲು ಅಗಿದ ಹಾಗೆ. ಗೊಬ್ಬರ ಸಾಲದು ಎಂದುಕೊಂಡು ಇನ್ನೂ ಸುರಿದ. ಎಲೆ ಇನ್ನೂ ಸಪ್ಪೆಯಾಯಿತು. ಮಗಳ ಮುಖ ನೋಡುವುದಕ್ಕೇ ಅವನಿಗೆ ಸಂಕಟ.

ಒಂದು ದಿನ ಹೆಂಡತಿ ಒಗೆದ ಸೀರೆಯನ್ನು ತೋಟದೊಳಗೆ ಹರವಿದಳು. ಸಂಜೆ ಹೋಗಿ ನೋಡಿದರೆ ಹರವಿದಾಗ ಇದ್ದಷ್ಟೇ ಒದ್ದೆ. ಅದನ್ನು ತಂದು ಗಂಡನ ಮುಂದೆಯೇ ಹಿಂಡಿದಳು.

"ನೋಡಿದಿರಾ? ಸೀರೆಯೇ ಆರದ ಕಡೆ ಎಲೆಯ ನೀರು ಆರುತ್ತದೆಯೇ? ಎಲೆ ತನ್ನ ನೀರನ್ನು ಗಾಳಿಗೆ ಕೊಟ್ಟರೆ ತಾನೇ ಬೇರು ಕೆಳಗಿನಿಂದ ಹೊಸ ನೀರು ಎಳೆಯುವುದು? ಆ ನೀರಿನ ಜೊತೆಗೆ ತಾನೇ ಸಾರ ಏರುವುದು? ನಿಮ್ಮ ಗೊಬ್ಬರವೆಲ್ಲ ಬುಡದಲ್ಲೇ ಕೂತಿದೆ" ಎಂದಳು.

"ತಟ್ಟಿ ತೆಗೆದರೆ ಎಲೆ ಬಾಡೀತು ಕಣೇ!"

"ಪೂರಾ ತೆಗೆಯಿರಿ ಎಂದು ಯಾರು ಹೇಳಿದರು? ಮೂಡಲ ಕಡೆಯದು ಬಿಚ್ಚಿದರೆ ಸಾಕು."

ಅವನು ಬಿಚ್ಚಿದ. ತೋಟದಲ್ಲಿ ಗಾಳಿ ಆಡಿತು. ಒಂದೆರಡು ಎಲೆಯ ಅಂಚು ಬಾಡಿದ್ದೇ ತಡ, ತಟ್ಟಿ ಕಟ್ಟಲು ಓಡಿದ. ಹೆಂಡತಿ ಬಿಡಲಿಲ್ಲ. ಮುಂದಿನ ಚಿಗುರಿನಲ್ಲಿ ಬಂದ ಎಲೆ ಗಾತ್ರದಲ್ಲಿ ಕಿರಿದು, ಮುಟ್ಟಿದರೆ ದಪ್ಪ.

ನಿಶ್ಚಿತಾರ್ಥದ ದಿನ ಗಂಡಿನ ಅಜ್ಜಿ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟರು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. "ಅಬ್ಬಬ್ಬಾ, ಎಲೆ ಅಂದರೆ ಇದು! ಹುಡುಗಿಯ ಜೊತೆಗೆ ಒಂದು ಬಳ್ಳಿಯನ್ನೂ ಕಳಿಸಿಕೊಡಿ" ಎಂದರು. ಮಗಳು ನಕ್ಕಳು. ರೈತ ಹಿಗ್ಗಿ ಹೀರೇಕಾಯಿಯಾದ.

ಗುರುಗಳು ಕತೆ ನಿಲ್ಲಿಸಿದರು. ಮಲ್ಲಿದೇವ ಕೈಮುಗಿದು, "ತಿಳಿಯಿತು ಗುರುಗಳೇ. ಇನ್ನು ಮುಂದೆ ನನಗೆ ಪಾಠ ಕಡಿಮೆ ಮಾಡುತ್ತೀರಿ" ಎಂದ.

"ಅಲ್ಲಪ್ಪ, ನಾಳೆಯ ಪಾಠ ನೀನು ಹೇಳು, ನಾವು ಕೂತು ಕೇಳುತ್ತೇವೆ."