ಚಪ್ಪಲಿ ಬಿಡುವ ಜಾಗ

"ಗುರುಗಳೇ, ಯಾರು ಬಂದರೆ ಎದ್ದು ನಿಲ್ಲಬೇಕು, ಯಾರು ಬಂದರೆ ಕೂತಲ್ಲಿಂದಲೇ ಮಾತಾಡಿಸಬಹುದು ಎಂದು ತಿಳಿಯುವುದು ಹೇಗೆ?" ಎಂದು ಮರುಳಸಿದ್ಧ ಕೇಳಿದ.

ಮಠದ ಬಾಗಿಲಲ್ಲಿ ಬಂದವರನ್ನು ವಿಚಾರಿಸುವ ಶಿಷ್ಯ ಅವನು. ಹಿಂದಿನ ದಿನ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟವನೊಬ್ಬನಿಗೆ ಎದ್ದು ನಿಂತು ಚಾಪೆ ಹಾಸಿದ್ದ. ಅವನು ಊದುಬತ್ತಿ ಮಾರಲು ಬಂದವನು. ಮಾಸಿದ ಪಂಚೆಯ ಮುದುಕರೊಬ್ಬರನ್ನು ಚಪ್ಪಲಿ ಬಿಡುವ ಕಡೆ ಕೂರಿಸಿದ್ದ. ಅವರು ಗುರುಗಳಿಗೆ ಅಕ್ಷರ ಕಲಿಸಿದವರು. ನಾಚಿಕೆಯಿಂದ ಮರುಳಸಿದ್ಧನಿಗೆ ಊಟ ಸೇರಿರಲಿಲ್ಲ.

ಗುರುಗಳು ಬೈಯಲಿಲ್ಲ. ಕತೆ ಹೇಳಿದರು.

ಒಬ್ಬ ವ್ಯಾಪಾರಿ. ಅವನ ತಾಯಿ ಹಾಸಿಗೆ ಹಿಡಿದಿದ್ದಳು. ತಮ್ಮ ಮನೆದೇವರ ಗುಡಿ ಒಂದು ಹಾಳೂರಿನಲ್ಲಿದೆ, ತಾನು ಕಣ್ಣು ಮುಚ್ಚುವುದರೊಳಗೆ ಅಲ್ಲೊಂದು ದೀಪ ಉರಿಯಬೇಕು ಎಂಬುದೊಂದೇ ಅವಳ ಆಸೆ. ಎಣ್ಣೆ ಬತ್ತಿ ಕೊಟ್ಟು, ದೇವರ ಜಾಗದಲ್ಲಿ ಚಪ್ಪಲಿ ಕಾಲಿಡಬೇಡ ಎಂದು ಹೇಳಿ ಕಳಿಸಿದಳು. ಗುಡಿ ಯಾವುದು, ಬೀದಿ ಯಾವುದು ಎಂದು ತಿಳಿಯದಷ್ಟು ದಡ್ಡನೇ ತಾನು ಎಂದುಕೊಂಡು ವ್ಯಾಪಾರಿ ಹೊರಟ.

ಕೋಟೆಬಾಗಿಲು ದಾಟಿದರೆ ಎತ್ತ ನೋಡಿದರೂ ಕಲ್ಲು. ಗೋಡೆಯೇ ಇಲ್ಲದ ಬಾಗಿಲುಗಳು, ಸೂರಿಲ್ಲದ ಕಂಬಗಳು. ಒಣಗಿದ ಕೊಳಕ್ಕೆ ಮೆಟ್ಟಿಲು ಮಾತ್ರ ಉಳಿದಿದ್ದವು. ಹಸಿವಾಗಿದ್ದರಿಂದ ಒಂದು ಮೊಂಡು ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಬುತ್ತಿ ಬಿಚ್ಚಿದ. ಉಂಡು ಕೈ ತೊಳೆದು, ಚಪ್ಪಲಿಯ ಮಣ್ಣನ್ನು ಅದೇ ಕಟ್ಟೆಗೆ ಬಡಿದು ಕೊಡವಿದ. ಮುಂದೆ ಹೋದರೆ ಕೆತ್ತನೆಯ ಕಂಬಗಳ ದೊಡ್ಡ ಮಂಟಪ ಕಂಡಿತು. ಇದೇ ಎಂದು ಮನಸ್ಸು ಹೇಳಿತು. ಚಪ್ಪಲಿ ದೂರದಲ್ಲೇ ಬಿಟ್ಟು, ಅಡ್ಡಬಿದ್ದು, ಅರ್ಧ ಎಣ್ಣೆ ಸುರಿದು ದೀಪ ಹಚ್ಚಿದ. ಅವನ ಕಣ್ಣು ತುಂಬಿ ಬಂತು.

ಅಲ್ಲಿಯ ಕಾವಲುಗಾರ ಬಂದು, ಇದು ಕುದುರೆ ಲಾಯವೆಂದು ಮೆಲ್ಲಗೆ ತಿಳಿಸಿದ. ಕಂಬಗಳಲ್ಲಿ ಹಗ್ಗ ಕಟ್ಟುವ ತೂತುಗಳನ್ನೂ ತೋರಿಸಿದ. ಅಗೆದಾಗ ಲಿಂಗ ಸಿಕ್ಕಿದ್ದು ಆ ಮೊಂಡು ಕಟ್ಟೆಯ ಕೆಳಗಂತೆ.

ತಾಯಿಗೆ ಯಾವ ಮುಖ ತೋರಿಸಲಿ ಎನಿಸಿತು ವ್ಯಾಪಾರಿಗೆ. "ಗುಡಿ ಅದೇ ಅನ್ನೋದು ಖಾತ್ರಿನಾ?" ಎಂದ.

"ಹೋದ ವರ್ಷ ಅಗೆದೋರು ಇದನ್ನ ಗುಡಿ ಅಂದಿದ್ರು ಸ್ವಾಮಿ, ಅದನ್ನ ಕಣಜ ಅಂದಿದ್ರು. ಈ ವರ್ಷದೋರು ಹಿಂಗಂತಾರೆ. ಇನ್ನೂ ಅಗೆಯೋದು ಬಾಳ ಐತೆ."

ವ್ಯಾಪಾರಿಗೆ ತಲೆ ಕೆಟ್ಟುಹೋಯಿತು. ಮುಂದಿನ ಹೆಜ್ಜೆ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಚಪ್ಪಲಿಯನ್ನು ಕಂಕುಳಲ್ಲಿ ಇರುಕಿಕೊಂಡು, ಕಾದ ಕಲ್ಲುಗಳ ಮೇಲೆ ಬರಿಗಾಲಲ್ಲಿ ಊರೆಲ್ಲ ಸುತ್ತಿದ. ಎಣ್ಣೆ ಮುಗಿಯುವವರೆಗೂ ಕಂಡ ಕಂಡ ಕಟ್ಟೆಯ ಮೇಲೆ ಬತ್ತಿ ಹಚ್ಚಿದ. ಕೋಟೆಯಿಂದ ಹೊರಗೆ ಬಂದು ಇನ್ನೇನು ಚಪ್ಪಲಿ ಮೆಟ್ಟಬೇಕು, ಊರು ಗೋಡೆಯಾಚೆಗೂ ಹಬ್ಬಿತ್ತಂತೆ ಎಂದ ಕಾವಲುಗಾರ. ಚಪ್ಪಲಿ ಮತ್ತೆ ಕಂಕುಳಿಗೆ ಹೋಯಿತು.

ಮನೆಯಲ್ಲಿ ತಾಯಿ ಮಗನ ಅಂಗಾಲಿನ ಬೊಬ್ಬೆಗಳನ್ನು ನೋಡಿದಳು. ಗುಡಿ ಹೇಗಿದೆ ಎಂದು ಕೇಳಲಿಲ್ಲ. ಹರಕೆ ಸಂದಿತು ಎಂದು ಹೇಳಿ ಅಂದು ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಕತೆ ಅಲ್ಲಿಗೆ ನಿಂತಿತು. ಮರುಳಸಿದ್ಧನಿಗೆ ಇನ್ನಷ್ಟು ಗೊಂದಲವಾಯಿತು. ತಾನು ಕೇಳಿದ್ದು ಮನುಷ್ಯರ ವಿಷಯ, ಗುರುಗಳು ಹೇಳಿದ್ದು ಕಲ್ಲುಗಳ ವಿಷಯ. ಹಾಗೆಂದು ಬಾಯಿಬಿಟ್ಟು ಹೇಳಿಯೂ ಬಿಟ್ಟ.

ಗುರುಗಳೆಂದರು: "ನೀನು ಪೂರ್ತಿ ಅಗೆದು ನೋಡಿದ ಮನುಷ್ಯ ಯಾರಾದರೂ ಬಂದರೆ, ಏಳಬೇಡ."