ದಬ್ಬಣಕ್ಕನ ಹಿಂಬಾಗಿಲು

ಮಕ್ಕಳೇ, ಕಾಡಿನ ನಡುವೆ ಗುಡುಗುಡಿ ಗುಡ್ಡ ಅಂತ ಒಂದು ಗುಡ್ಡ ಇತ್ತು. ಆ ಹೆಸರು ಸುಮ್ಮನೆ ಬಂದದ್ದಲ್ಲ. ಆಗಾಗ ಅದರ ಹೊಟ್ಟೆಯೊಳಗೆ ಗುಡುಗುಡು ಸದ್ದಾಗಿ ನೆಲ ನಡುಗುತ್ತಿತ್ತು. ಯಾವಾಗ ನಡುಗುತ್ತದೆ, ಎಷ್ಟು ನಡುಗುತ್ತದೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹಾಗಾದರೆ ಪ್ರಾಣಿಗಳು ಬೇರೆ ಕಡೆ ಹೋಗಬಾರದಿತ್ತೇ ಅಂತ ಕೇಳುತ್ತೀರಿ. ಹೇಗೆ ಹೋಗುತ್ತವೆ ಹೇಳಿ? ಬೇಸಿಗೆಯಲ್ಲೂ ಬತ್ತದ ಒರತೆ ಇದ್ದದ್ದು ಅಲ್ಲಿ. ಸಿಹಿ ಗೆಡ್ಡೆ ಬೆಳೆಯುತ್ತಿದ್ದದ್ದು ಅಲ್ಲಿ. ಅಪ್ಪ ಅಮ್ಮ ತೋಡಿಟ್ಟ ಬಿಲ ಇದ್ದದ್ದೂ ಅಲ್ಲೇ. ನೆಲವನ್ನಂತೂ ಹಿಡಿದು ನಿಲ್ಲಿಸಲು ಆಗುವುದಿಲ್ಲ, ಬಿಲವನ್ನಾದರೂ ಸರಿಯಾಗಿ ಇಟ್ಟುಕೊಳ್ಳೋಣ ಎಂದು ಅವು ಒಂದು ಪದ್ಧತಿ ಮಾಡಿಕೊಂಡಿದ್ದವು.

ಅದೇ ‘ಬಿಲ ನೋಡುವ ದಿನ’. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮಳೆ ನಿಂತ ಮೇಲೆ ಒಂದು ಸಲ, ಮುದಿ ಚಿಪ್ಪುಹಂದಿ ಚಿಪ್ಪಜ್ಜ ಮನೆಮನೆಗೂ ಬರುತ್ತಿದ್ದ. ಮಣ್ಣು ಅಗೆದು ಅಗೆದೇ ಹಣ್ಣಾದ ಜೀವ ಅದು. ಉದ್ದನೆಯ ಉಗುರಿನಿಂದ ಬಿಲದ ಸೂರನ್ನು ತಟ್ಟುತ್ತಿದ್ದ. ಮೇಲೆ ಸಡಿಲ ಬಂಡೆ ಇದೆಯೇ ಎಂದು ನೋಡುತ್ತಿದ್ದ. ಪ್ರತಿ ಬಿಲಕ್ಕೂ ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು ಇರಲೇಬೇಕು. ನೆಲ ನಡುಗಿ ನಿಂತ ಕೂಡಲೇ ಎಲ್ಲರೂ ಹೊರಬಿದ್ದು ಹುಲ್ಲುಬಯಲಿನಲ್ಲಿ ಸೇರಬೇಕು. ಅದು ಗುಡ್ಡದ ಕಟ್ಟಳೆ.

ಅಜ್ಜನಿಗೆ ಕೆಲಸವೇನೋ ಚೆನ್ನಾಗಿ ಗೊತ್ತಿತ್ತು. ಆದರೆ ಒಂದು ದೋಷ ಇತ್ತು ನೋಡಿ, ದಾಕ್ಷಿಣ್ಯ. ಎದುರಿಗಿದ್ದವರ ಮುಖ ಸಪ್ಪಗಾದರೆ ಅಜ್ಜನಿಗೆ ಅವತ್ತು ಇರುವೆಯೂ ರುಚಿಸುತ್ತಿರಲಿಲ್ಲ.

ಆ ವರ್ಷ ಮಳೆಗಾಲಕ್ಕೆ ಮುಂಚೆ ಅವನು ಮೊದಲು ಹೋದದ್ದು ಹೆಗ್ಗಣ ಡೊಳ್ಳಯ್ಯನ ಮನೆಗೆ. ಡೊಳ್ಳಯ್ಯ ಹೊಸದಾಗಿ ಬಿಲ ತೋಡಿದ್ದ, ಅದೂ ಒಂದು ದೊಡ್ಡ ಗುಂಡುಕಲ್ಲಿನ ಕೆಳಗೆ.

"ಡೊಳ್ಳಯ್ಯ, ಈ ಕಲ್ಲಿಗೆ ಬುಡ ಗಟ್ಟಿಯಿಲ್ಲ. ನೆಲ ನಡುಗಿದರೆ ಉರುಳುತ್ತದೆ. ಜಾಗ ಬದಲಾಯಿಸಪ್ಪ," ಎಂದ ಅಜ್ಜ.

ಡೊಳ್ಳಯ್ಯನ ಮೀಸೆ ನಿಗುರಿತು. "ಇಡೀ ಬೇಸಿಗೆ ಬೆವರು ಸುರಿಸಿ ತೋಡಿದ್ದೀನಿ. ನಿಮಗೇನು, ಬಾಯಿಗೆ ಬಂದದ್ದು ಹೇಳಿ ಹೋಗುತ್ತೀರಿ. ನಿಮ್ಮ ಬಾಯಲ್ಲಿ ಒಳ್ಳೇ ಮಾತೇ ಬರೋದಿಲ್ಲವಾ?"

ಅಷ್ಟು ಹೇಳಿ ಅವನು ಬೆನ್ನು ತಿರುಗಿಸಿ ಒಳಗೆ ಹೋದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಹಾಗಾಯಿತು ಅಜ್ಜನ ಪಾಡು. ಪಾಪ, ದಾರಿಯುದ್ದಕ್ಕೂ ಆ ಮಾತನ್ನೇ ಮೆಲುಕು ಹಾಕುತ್ತಾ ಮುಂದಿನ ಮನೆಗೆ ನಡೆದ.

ಮುಂದಿನ ಮನೆ ಮುಳ್ಳುಹಂದಿ ದಬ್ಬಣಕ್ಕನದು. ಅಲ್ಲಿಗೆ ಹೋಗುವುದೆಂದರೆ ಅಜ್ಜನಿಗೆ ಮಗಳ ಮನೆಗೆ ಹೋದಷ್ಟು ಖುಷಿ. ಯಾಕೆ ಗೊತ್ತೇ? ದಬ್ಬಣಕ್ಕನಿಗೆ ಎರಡು ಪುಟ್ಟ ಮಕ್ಕಳು, ಸೂಜಿ ಮತ್ತು ಮೊಳೆ. ಮೈತುಂಬ ಮುಳ್ಳಿನ ಆ ಮಕ್ಕಳನ್ನು ಗುಡ್ಡದಲ್ಲಿ ಯಾರೂ ಎತ್ತಿ ಆಡಿಸುತ್ತಿರಲಿಲ್ಲ. ಚಿಪ್ಪಜ್ಜನಿಗೆ ಮಾತ್ರ ಮುಳ್ಳು ಚುಚ್ಚುತ್ತಿರಲಿಲ್ಲ. ಅವನನ್ನು ಕಂಡರೆ ಸಾಕು, ಎರಡೂ ಓಡಿ ಬಂದು ಬೆನ್ನೇರುತ್ತಿದ್ದವು.

"ಬನ್ನಿ ಅಜ್ಜಾ, ಬಿಸಿಲಲ್ಲಿ ಬಂದಿದ್ದೀರಿ. ಮೊದಲು ಊಟ ಮಾಡಿ, ಆಮೇಲೆ ಬಿಲ ನೋಡುವಿರಂತೆ," ಎಂದಳು ದಬ್ಬಣಕ್ಕ. ಅಜ್ಜನಿಗಾಗಿಯೇ ಎಲ್ಲಿಂದಲೋ ಹುತ್ತದ ಹೆಂಟೆಯೊಂದನ್ನು ಉರುಳಿಸಿ ತಂದಿಟ್ಟಿದ್ದಳು. ಒಳಗೆ ಗೆದ್ದಲು ತುಂಬಿ ತುಳುಕುತ್ತಿತ್ತು.

ಹೊಟ್ಟೆ ತುಂಬಿದ ಮೇಲೆ ಅಜ್ಜ ಸೂರು ತಟ್ಟಿದ, ಗಟ್ಟಿಯಿತ್ತು. ಗೋಡೆ ತಟ್ಟಿದ, ಗಟ್ಟಿಯಿತ್ತು. ಹಿಂಬಾಗಿಲಿನ ಕಡೆ ಹೋದವನು ಅಲ್ಲೇ ನಿಂತ. ದಾರಿಯೇ ಇರಲಿಲ್ಲ. ನೆಲದಿಂದ ಸೂರಿನವರೆಗೆ ಗೆಡ್ಡೆ, ಬರೀ ಗೆಡ್ಡೆ, ಒಂದರ ಮೇಲೊಂದು ಒತ್ತಿ ಒತ್ತಿ ತುಂಬಿತ್ತು.

"ಮಳೆ ಹಿಡಿದರೆ ಹೊರಗೆ ಹೋಗಲಿಕ್ಕಾಗಲ್ಲ ಅಜ್ಜಾ," ಎಂದಳು ದಬ್ಬಣಕ್ಕ ಹಿಂದಿನಿಂದ. "ಹೋದ ವರ್ಷ ಮಕ್ಕಳು ಹಸಿದು ಅತ್ತದ್ದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ. ಈ ಸಲ ಹಾಗಾಗಬಾರದು. ನೋಡಿ, ಒಬ್ಬಳೇ ಹೊತ್ತು ತುಂಬಿಸಿದ್ದು."

ಅವಳ ಕಣ್ಣಿನಲ್ಲಿ ಹೆಮ್ಮೆ ಇತ್ತು. ಅಜ್ಜ ಬಾಯಿ ತೆರೆದ. ಡೊಳ್ಳಯ್ಯನ ಸಿಟ್ಟಿನ ಮುಖ ನೆನಪಾಯಿತು. ಉಂಡ ಗೆದ್ದಲಿನ ರುಚಿ ಇನ್ನೂ ನಾಲಗೆಯ ಮೇಲಿತ್ತು. ಇಷ್ಟು ಪ್ರೀತಿಯಿಂದ ಬಡಿಸಿದವಳಿಗೆ ಹೇಗಪ್ಪಾ ಹೇಳುವುದು ಅನ್ನಿಸಿತು.

"ಚೆನ್ನಾಗಿ ಇಟ್ಟುಕೊಂಡಿದ್ದೀಯ ಮಗಳೇ," ಎಂದುಬಿಟ್ಟ. ಮುಂದಿನ ಸಲ ಹೇಳಿದರಾಯಿತು ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡ.

ಮುಂದಿನ ಸಲದವರೆಗೆ ಗುಡ್ಡ ಕಾಯಬೇಕಲ್ಲ?

ಮಳೆಗಾಲ ಶುರುವಾದ ಹೊಸದರಲ್ಲಿ, ಒಂದು ಬೆಳಿಗ್ಗೆ, ಗುಡುಗುಡು ಸದ್ದಾಯಿತು. ಮರಗಳು ತೂಗಿದವು, ಒರತೆಯ ನೀರು ದಡ ಹಾರಿತು, ಮೇಲಿನಿಂದ ಕಲ್ಲುಗಳು ಉರುಳಿದವು. ಅಂಥ ನಡುಕವನ್ನು ಅಜ್ಜ ತನ್ನ ಆಯಸ್ಸಿನಲ್ಲೇ ಕಂಡಿರಲಿಲ್ಲ.

ನಡುಕ ನಿಂತ ಕೂಡಲೇ ಎಲ್ಲರೂ ಹಿಂಬಾಗಿಲು ಮುಂಬಾಗಿಲು ಎನ್ನದೆ ನುಗ್ಗಿ ಹುಲ್ಲುಬಯಲಿಗೆ ಓಡಿ ಬಂದರು. ಮೊಲಗಳು ಬಂದವು, ಉಡ ಬಂತು, ಮುಂಗುಸಿಯ ಸಂಸಾರ ಬಂತು. ಡೊಳ್ಳಯ್ಯ ಏದುಸಿರು ಬಿಡುತ್ತಾ ಬಂದು ಅಜ್ಜನ ಎದುರು ನಿಂತ.

"ಅಜ್ಜಾ, ಆ ಗುಂಡುಕಲ್ಲು ನಾನು ಬೇಸಿಗೆಯಲ್ಲಿ ತೋಡಿದ್ದ ಬಿಲದ ಮೇಲೇ ಉರುಳಿ ಕೂತಿದೆ. ನಿಮ್ಮನ್ನು ಬೈದುಕೊಂಡೇ ಜಾಗ ಬದಲಾಯಿಸಿದ್ದೆ. ಬೈದುಕೊಂಡಾದರೂ ಬದಲಾಯಿಸಿದೆನಲ್ಲ, ಬದುಕಿದೆ."

ಅಜ್ಜನಿಗೆ ಆ ಮಾತು ಕೇಳಿಸಿತೋ ಇಲ್ಲವೋ. ಅವನ ಕಣ್ಣು ಗುಂಪಿನಲ್ಲಿ ಹುಡುಕುತ್ತಿತ್ತು. ದಬ್ಬಣಕ್ಕ ಬಂದಿರಲಿಲ್ಲ. ಯಾಕೆ ಬಂದಿಲ್ಲ ಎಂದು ಅಲ್ಲಿದ್ದವರಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಮುದಿಕಾಲು ಅಷ್ಟು ಜೋರಾಗಿ ಓಡಿದ್ದು ಅದೇ ಮೊದಲು. ಮುಂಬಾಗಿಲಿನ ಮೇಲೆ ಕಲ್ಲಿನ ರಾಶಿಯೇ ಬಿದ್ದಿತ್ತು. ಅಜ್ಜ ಹಿಂದಕ್ಕೆ ಸುತ್ತಿ ಬಂದು, ಗೆಡ್ಡೆಗಳ ಸಂದಿಯಲ್ಲಿ ಮೂತಿ ಇಟ್ಟು ಕೂಗಿದ. "ದಬ್ಬಣಕ್ಕಾ! ಸೂಜಿ! ಮೊಳೆ!"

"ಅಜ್ಜಾ," ಎಂದಿತು ಒಳಗಿನಿಂದ ಸೂಜಿಯ ಸಣ್ಣ ದನಿ. "ಸೂರು ಕುಸಿಯುತ್ತಿದೆ. ಅಮ್ಮ ಮುಳ್ಳೆಲ್ಲ ನಿಮಿರಿಸಿ ಬೆನ್ನು ಕೊಟ್ಟು ನಿಂತಿದ್ದಾಳೆ. ಅಲ್ಲಾಡಿದರೆ ಬೀಳುತ್ತಂತೆ."

"ನೀವಿಬ್ಬರೂ ಆ ಕಡೆಯಿಂದ ಗೆಡ್ಡೆ ಕಡಿಯಿರಿ ಕಂದಾ. ನಾನು ಈ ಕಡೆಯಿಂದ ಎಳೆಯುತ್ತೀನಿ."

ಅಜ್ಜ ಎಳೆದ. ಅವನ ಹಿಂದೆಯೇ ಓಡಿ ಬಂದ ಡೊಳ್ಳಯ್ಯನೂ ಎಳೆದ. ಒತ್ತಿ ತುಂಬಿದ ಗೆಡ್ಡೆ, ಜೊತೆಗೆ ಕುಸಿದ ಹಸಿಮಣ್ಣು, ಒಂದೊಂದು ಕೀಳುವುದೂ ಹರಸಾಹಸ. ಎಳೆಯುತ್ತಾ ಎಳೆಯುತ್ತಾ ಅಜ್ಜನಿಗೆ ದುಃಖ ಒತ್ತರಿಸಿ ಬಂತು.

"ಮಗಳೇ, ನಾನು ಅವತ್ತೇ ನೋಡಿದ್ದೆ," ಎಂದ. "ಇದು ತಪ್ಪು ಅಂತ ಗೊತ್ತಿತ್ತು. ನಿನ್ನ ಮನಸ್ಸು ನೋಯುತ್ತೆ ಅಂತ ಹೇಳಲಿಲ್ಲ."

ಒಳಗಿನಿಂದ ದಬ್ಬಣಕ್ಕ ಹೇಳಿದಳು, "ನನಗೂ ಒಳಗೊಳಗೇ ಅಳುಕಿತ್ತು ಅಜ್ಜಾ. ನೀವು ನೋಡಿ ಚೆನ್ನಾಗಿದೆ ಅಂದಿರಲ್ಲ, ಹಾಗಾದರೆ ಪರವಾಗಿಲ್ಲ ಅಂದುಕೊಂಡೆ."

ಅಜ್ಜನ ಕೈ ಒಂದು ಗಳಿಗೆ ನಿಂತೇಹೋಯಿತು. ಡೊಳ್ಳಯ್ಯನ ಬೈಗುಳ ಕೂಡ ಅವನಿಗೆ ಅಷ್ಟು ನೋವು ಕೊಟ್ಟಿರಲಿಲ್ಲ. ಕಣ್ಣೊರೆಸಿಕೊಂಡು ಇನ್ನೂ ಜೋರಾಗಿ ಎಳೆಯತೊಡಗಿದ.

ಕೊನೆಗೆ ಒಂದು ತೂತಾಯಿತು. ಮೊದಲು ಸೂಜಿ ನುಸುಳಿ ಬಂದಳು. ಆಮೇಲೆ ಮೊಳೆ ಬಂದ, ಬಾಯಿ ತುಂಬ ಗೆಡ್ಡೆ ತುಂಬಿಕೊಂಡೇ. ಆದರೆ ದಬ್ಬಣಕ್ಕ ಹೇಗೆ ಬರುವುದು? ಅವಳು ಬೆನ್ನು ತೆಗೆದರೆ ಸೂರು ಬೀಳುತ್ತದೆ.

"ಮಕ್ಕಳು ಹೊರಗೆ ಬಂದರಲ್ಲ, ಅಷ್ಟು ಸಾಕು," ಎಂದಳು ಅವಳು. "ಅವರನ್ನು ನೋಡಿಕೊಳ್ಳಿ ಅಜ್ಜಾ."

"ಸಾಕು ಮಾಡು ನಿನ್ನ ಮಾತು," ಎಂದು ಗದರಿ ಅಜ್ಜ ಉಗುರಿನಿಂದ ತೂತನ್ನು ಅಗಲ ಮಾಡಿ ಒಳಗೆ ನುಗ್ಗಿದ. ಅವನು ಯಾರನ್ನಾದರೂ ಗದರಿದ್ದು ಜನ್ಮದಲ್ಲಿ ಅದೇ ಮೊದಲು. ಅವಳ ಪಕ್ಕದಲ್ಲೇ ಮೈ ಮುದುಡಿ, ಚಿಪ್ಪೆಲ್ಲ ಬಿಗಿದು, ಸೂರಿಗೆ ಬೆನ್ನು ಕೊಟ್ಟ. "ಹೋಗು ಮಗಳೇ. ನನ್ನ ಚಿಪ್ಪು ಇರುವುದು ಮತ್ತೇಕೆ?"

ದಬ್ಬಣಕ್ಕ ತೆವಳಿ ಹೊರಗೆ ಬಂದಳು. ಬಂದದ್ದೇ ತಡ, ದೊಪ್ಪನೆ ಸೂರು ಕುಸಿಯಿತು.

ಮೊಳೆಯ ಬಾಯಿಂದ ಗೆಡ್ಡೆ ಕೆಳಗೆ ಬಿತ್ತು. ಸೂಜಿ "ಅಜ್ಜಾ, ಅಜ್ಜಾ" ಎಂದು ಮಣ್ಣನ್ನು ಕೆರೆಯತೊಡಗಿದಳು.

ಎಷ್ಟೋ ಹೊತ್ತಾದ ಮೇಲೆ ಮಣ್ಣು ಮಿಸುಕಿತು. ಒಂದು ಉಗುರು ಕಂಡಿತು. ಆಮೇಲೆ ಕೆಸರು ಮೆತ್ತಿದ ಉದ್ದ ಮೂತಿ ಹೊರಬಂತು.

"ಅಳಬೇಡಿ ಕಂದಾ," ಎಂದ ಅಜ್ಜ ಕೆಮ್ಮುತ್ತಾ. "ಅಗೆಯೋನಿಗೆ ಮಣ್ಣೇನು ಹೊಸದೇ?"

ಎರಡೂ ಮಕ್ಕಳು ಹೋಗಿ ಅವನನ್ನು ಅಪ್ಪಿಕೊಂಡವು. ದಬ್ಬಣಕ್ಕನೂ ಅಪ್ಪಿಕೊಂಡಳು. ಡೊಳ್ಳಯ್ಯನಿಗೂ ಅಪ್ಪಿಕೊಳ್ಳುವ ಆಸೆಯಾಯಿತು, ಮುಳ್ಳು ನೋಡಿ ದೂರವೇ ನಿಂತ.

ಮಳೆಗಾಲ ಮುಗಿಯಿತು. ಗುಡ್ಡದವರೆಲ್ಲ ಸೇರಿ ದಬ್ಬಣಕ್ಕನಿಗೆ ಹೊಸ ಬಿಲ ತೋಡಿಕೊಟ್ಟರು. ಗೆಡ್ಡೆ ಇಡಲು ಪಕ್ಕದಲ್ಲೇ ಬೇರೊಂದು ಗುಳಿಯನ್ನೂ ಮಾಡಿದರು. ಮತ್ತೆ ಬಿಲ ನೋಡುವ ದಿನ ಬಂತು.

"ಬನ್ನಿ ಅಜ್ಜಾ, ಮೊದಲು ಊಟ," ಎಂದಳು ದಬ್ಬಣಕ್ಕ. ಹುತ್ತದ ಹೆಂಟೆಯ ಪರಿಮಳ ಅಜ್ಜನ ಮೂಗಿಗೆ ಬಡಿಯಿತು.

"ಮೊದಲು ಹಿಂಬಾಗಿಲು, ಆಮೇಲೆ ಊಟ," ಎಂದು ಅಜ್ಜ ನೇರ ಒಳಗೆ ನಡೆದ. ದಾರಿ ಚೊಕ್ಕಟವಾಗಿತ್ತು. ತುದಿಯಲ್ಲಿ ಬೆಳಕು ಕಾಣುತ್ತಿತ್ತು. ಒಂದು ಮೂಲೆಯಲ್ಲಿ ಮಾತ್ರ ಒಂದು ಗೆಡ್ಡೆ ಕೂತಿತ್ತು.

"ಒಂದೇ ಒಂದು ಅಜ್ಜಾ," ಎಂದಳು ದಬ್ಬಣಕ್ಕ ಮೆಲ್ಲಗೆ.

ಹೋಗಲಿ ಬಿಡು ಎಂಬ ಮಾತು ಅಜ್ಜನ ನಾಲಗೆಯ ತುದಿಗೆ ಬಂದಿತ್ತು. ಅವನು ಅದನ್ನು ನುಂಗಿಕೊಂಡ.

"ತೆಗೆದುಬಿಡು ಮಗಳೇ," ಎಂದ.

ದಬ್ಬಣಕ್ಕನ ಮುಖ ಒಂದಿಷ್ಟು ಸಪ್ಪಗಾಯಿತು. ಆದರೂ ಗೆಡ್ಡೆಯನ್ನು ಉರುಳಿಸಿಕೊಂಡು ಹೊರಟಳು. ಬಾಗಿಲ ಹತ್ತಿರ ಹೋದವಳು ತಿರುಗಿ ನೋಡಿ ನಕ್ಕಳು. ಆ ಹೊತ್ತಿಗೆ ಸೂಜಿ, ಮೊಳೆ ಇಬ್ಬರೂ ಅಜ್ಜನ ಬೆನ್ನೇರಿ, ಹಿಂಬಾಗಿಲಿನಿಂದ ಹೊರಗೆ ಹೋಗೋಣ ಎಂದು ಹಟ ಹಿಡಿದಿದ್ದರು. ಅಜ್ಜ ಹಾಗೇ ಅವರನ್ನು ಹೊತ್ತುಕೊಂಡು ಬಿಸಿಲಿಗೆ ಬಂದ. ಅವತ್ತಿನ ಗೆದ್ದಲು ಅವನಿಗೆ ಎಂದಿಗಿಂತ ಹೆಚ್ಚು ರುಚಿಸಿತು.

ನೀತಿ: ಮನಸ್ಸು ನೋಯುತ್ತದೆಂದು ಅಪಾಯವನ್ನು ಮುಚ್ಚಿಡುವುದು ಪ್ರೀತಿಯಲ್ಲ, ಬೇಸರವಾದರೂ ಸಕಾಲದಲ್ಲಿ ನಿಜ ಹೇಳುವವನೇ ನಿಜವಾದ ನೆಂಟ.