ದುರುಗಿಯ ತೂಕ

ಹುಲಿಗೆಮ್ಮನ ಅಂಗನವಾಡಿ ತತ್ತಿಯ ಮುಖ ಕಂಡು ಮೂರು ತಿಂಗಳಾಗಿತ್ತು. ಬೇಳೆಯೂ ಬಂದಿರಲಿಲ್ಲ. ಬರೀ ಅನ್ನ ತಿಂದ ಮಕ್ಕಳ ಪಕ್ಕೆಲುಬು ಎಣಿಸಬಹುದಿತ್ತು. ಅಷ್ಟರಲ್ಲಿ ತಾಲೂಕಿನ ಸಾಹೇಬರ ಫೋನು ಬಂತು.

"ನನ್ನ ತಾಲೂಕಿನಾಗ ಒಂದೂ ಬಡಕಲು ಕೂಸು ಇರಬಾರದು. ಸೋಮವಾರ ಬರ್ತೀನಿ. ತೂಕ ಏರಿರಬೇಕು, ಇಲ್ಲಾಂದ್ರ ನಿನ್ನ ಕೆಲಸ ಹೋತು ಅಂತ ತಿಳಕೊ."

ಸೋಮವಾರ ಸಾಹೇಬರು ಗುಮಾಸ್ತನೊಂದಿಗೆ ಬಂದು ಕುರ್ಚಿಯಲ್ಲಿ ಕೂತರು. ಹುಲಿಗೆಮ್ಮ ಮೂರು ವರ್ಷದ ದುರುಗಿಯನ್ನು ತೂಕದ ಯಂತ್ರದ ಮೇಲೆ ಕೂರಿಸಿದಳು. ಮುಳ್ಳು ಒಂಬತ್ತು ಕಿಲೋಗೆ ನಿಂತಿತು. ಸಾಹೇಬರ ಹುಬ್ಬು ಗಂಟಾಯಿತು. ಹುಲಿಗೆಮ್ಮ ಕಪಾಟು ತೆಗೆದು, ಪೌಷ್ಟಿಕ ಆಹಾರದ ಸುತ್ತೋಲೆಗಳ ದಪ್ಪ ಕಟ್ಟನ್ನು ತಂದು ಮಗುವಿನ ಮಡಿಲಲ್ಲಿಟ್ಟಳು. ಮುಳ್ಳು ಹದಿಮೂರಕ್ಕೆ ಹಾರಿತು.

"ಏನಿದು?"

"ಮಕ್ಕಳಿಗಂತ ನಿಮ್ಮ ಆಫೀಸಿನಿಂದ ಬಂದದ್ದು ಇದೊಂದ ರೀ ಸಾಹೇಬ್ರ. ತೂಕ ಏರಿದ್ದೂ ಇದರಿಂದನ."

ಗುಮಾಸ್ತ ಕಿಸಕ್ಕನೆ ನಕ್ಕ. ಸಾಹೇಬರ ಮುಖ ಕೆಂಪಾಯಿತು. ಇನ್ನಾದರೂ ತತ್ತಿಯ ಮಾತು ಬಂದೀತೆಂದು ಹುಲಿಗೆಮ್ಮ ಕಾದಳು. ಸಾಹೇಬರು ಮುಳ್ಳನ್ನೇ ದಿಟ್ಟಿಸಿ ನೋಡಿ, ಗುಮಾಸ್ತನ ಕಡೆ ತಿರುಗಿದರು.

"ಹದಿಮೂರು ಅಂತ ಬರಕೋ. ಇನ್ನೊಂದು ಕೂಸು ಕರಿ. ಕಟ್ಟು ಅಲ್ಲೇ ಇರಲಿ."